ಆಪಲ್ ಕ್ರಿಸ್ಪ್ ಕೆಳಗೆ ನೀರು, ಮೇಲೆ ಮೆತ್ತಗೆ: ಏನು ಮಾಡಬೇಕು?

ಪ್ರಶ್ನೆ: ಮೇಡಂ, ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಕಳೆದ ವಾರ ಮಕ್ಕಳನ್ನು ಕರೆದುಕೊಂಡು ಸೇಬಿನ ತೋಟಕ್ಕೆ ಹೋಗಿ ಅರ್ಧ ಬುಶೆಲ್, ಅಂದರೆ ಸುಮಾರು ಹತ್ತು ಕಿಲೋ ಹಣ್ಣು ಕಿತ್ತು ತಂದೆವು. ಹೆಚ್ಚಿನವು ಮೆಕಿಂಟಾಶ್, ಸ್ವಲ್ಪ ಗಾಲಾ. ಪೈ ಮಾಡುವಷ್ಟು ಕೈ ಪಳಗಿಲ್ಲ, ಅದಕ್ಕೇ ಸೇಬಿನ ಹೋಳಿನ ಮೇಲೆ ಓಟ್ಸ್ ಪುಡಿ ಹರವಿ ಓವನ್‌ನಲ್ಲಿ ಬೇಯಿಸುವ ಆಪಲ್ ಕ್ರಿಸ್ಪ್ ಮಾಡಿದೆ. ಓವನ್‌ನಿಂದ ತೆಗೆದಾಗ ಮೇಲ್ಭಾಗ ಹೊಂಬಣ್ಣ ಬಂದು ಚೆನ್ನಾಗಿಯೇ ಕಂಡಿತು. ಚಮಚ ಹಾಕಿದರೆ ಕೆಳಗೆಲ್ಲ ನೀರು, ಹೋಳುಗಳು ಕರಗಿಹೋಗಿದ್ದವು. ಸ್ವಲ್ಪ ಹೊತ್ತಿಗೆ ಮೇಲಿನ ಓಟ್ಸ್ ಕೂಡ ಮೆತ್ತಗಾಯಿತು. ಊರಿಂದ ಅತ್ತೆ ಮಾವ ಬಂದಿದ್ದಾರೆ; ಮೊಟ್ಟೆ ತಿನ್ನುವುದಿಲ್ಲ, ತೀರಾ ಸಿಹಿಯೂ ಅವರಿಗೆ ಹಿಡಿಸುವುದಿಲ್ಲ. ದೀಪಾವಳಿಗೆ ಹದಿನೈದು ಜನ ಊಟಕ್ಕೆ ಬರುತ್ತಾರೆ. ಬೆಣ್ಣೆಯ ಬದಲು ತುಪ್ಪ ಹಾಕಬಹುದೇ? ಹಿಂದಿನ ದಿನವೇ ಮಾಡಿಡಬಹುದೇ?

ಉತ್ತರ: ನಮಸ್ಕಾರ. ಮೊದಲು ಒಂದು ಸಮಾಧಾನದ ಮಾತು: ನಿಮ್ಮ ಕೈಯಲ್ಲಿ ದೋಷವಿಲ್ಲ. ಮೆಕಿಂಟಾಶ್ ಹಣ್ಣನ್ನಷ್ಟೇ ಹಾಕಿ ಯಾರು ಮಾಡಿದರೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ.

ಸೇಬಿನ ತೂಕದಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. ಒಂದು ಕಿಲೋ ಹೋಳಿನಲ್ಲಿ ಮುಕ್ಕಾಲು ಲೀಟರಿಗೂ ಹೆಚ್ಚು ನೀರಿರುತ್ತದೆ. ಹಸಿ ಹಣ್ಣಿನಲ್ಲಿ ಆ ನೀರು ಜೀವಕೋಶಗಳೊಳಗೆ ಬಿಗಿಯಾಗಿ ಕೂತಿರುತ್ತದೆ, ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬಿಸಿ ಏರುತ್ತಾ ಹೋದಂತೆ ಕೋಶದ ಪೊರೆ ಹರಿದು ನೀರು ಹೊರಗೆ ಬರುತ್ತದೆ, ಪೆಕ್ಟಿನ್ ಕರಗಿ ಹೋಳು ಸಡಿಲವಾಗುತ್ತದೆ. ಯಾವ ಸೇಬೂ ಇದಕ್ಕೆ ಹೊರತಲ್ಲ. ಆದರೆ ಎಷ್ಟು ಬೇಗ, ಎಷ್ಟರ ಮಟ್ಟಿಗೆ ಎನ್ನುವುದರಲ್ಲಿ ತಳಿಯಿಂದ ತಳಿಗೆ ಅಜಗಜಾಂತರ. ನನ್ನ ಮಟ್ಟಿಗೆ ಕ್ರಿಸ್ಪ್ ಮಾಡುವುದೆಂದರೆ ಈ ನೀರನ್ನು ನಿಭಾಯಿಸುವುದೇ. ಚಕ್ಕೆ, ಸಕ್ಕರೆ, ಓಟ್ಸ್ ಎಲ್ಲ ಆಮೇಲಿನ ಮಾತು. ಹೆಚ್ಚಿನ ರೆಸಿಪಿಗಳು ಮಾತ್ರ "ಆರು ಸೇಬು" ಎಂದಷ್ಟೇ ಬರೆದು ಮುಂದಕ್ಕೆ ಹೋಗುತ್ತವೆ. ಯಾವ ಸೇಬು ಎಂದು ಹೇಳದ ರೆಸಿಪಿಯನ್ನು ನಾನು ನಂಬುವುದಿಲ್ಲ.

ಮೆಕಿಂಟಾಶ್ ಕೆನಡಾದ ಒಂಟಾರಿಯೋದಲ್ಲಿ 1811ರಲ್ಲಿ ಜಾನ್ ಮೆಕಿಂಟಾಶ್ ಎಂಬ ರೈತನಿಗೆ ಸಿಕ್ಕ ಸಸಿಯಿಂದ ಬಂದ ತಳಿ. ಪರಿಮಳದಲ್ಲಿ ಅದಕ್ಕೆ ಸಮ ಇಲ್ಲ, ಹುಳಿಯೂ ಹಿತವಾಗಿದೆ. ಆದರೆ ಒಲೆ ಕಂಡ ಕೂಡಲೇ ಕರಗುತ್ತದೆ. ಗಾಲಾ ಅಷ್ಟು ಕರಗುವುದಿಲ್ಲ, ಆದರೆ ಹುಳಿ ಸಾಲದು. ಬೆಂದಮೇಲೆ ಬರೀ ಸಿಹಿ ಉಳಿಯುತ್ತದೆ. ಬೇಯಿಸಲು ಬೇಕಾದದ್ದು ಗಟ್ಟಿ ತಿರುಳು, ಜೊತೆಗೆ ಹುಳಿ. ಅಂಗಡಿಯಲ್ಲಿ ವರ್ಷವಿಡೀ ಸಿಗುವ ಹಣ್ಣಿನಲ್ಲಿ ಗ್ರಾನಿ ಸ್ಮಿತ್ ಇದಕ್ಕೆ ನಂಬಿಗಸ್ತ. ಬ್ರೇಬರ್ನ್ ಸಿಕ್ಕರೆ ಇನ್ನೂ ಒಳ್ಳೆಯದು, ಬೆಂದಮೇಲೂ ಅದರ ರುಚಿ ಎದ್ದು ಕಾಣುತ್ತದೆ. ಜೋನಾಗೋಲ್ಡ್ ಕೂಡ ಚೆನ್ನ. ಹನಿಕ್ರಿಸ್ಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಈ ಹಣ್ಣು ಹಸಿಯಾಗಿ ಕಚ್ಚಿ ತಿನ್ನಲೆಂದೇ ಹೆಸರಾದದ್ದು. ಹೋಳಿನ ಆಕಾರ ಉಳಿಸಿಕೊಳ್ಳುತ್ತದೆ, ಆದರೆ ರಸ ಬಹಳ ಬಿಡುತ್ತದೆ. ಅಷ್ಟು ದುಡ್ಡು ಕೊಟ್ಟ ಹಣ್ಣನ್ನು ಹಾಗೇ ತಿನ್ನುವುದೇ ವಾಸಿ.

ನಿಮ್ಮ ತೋಟಗಳಲ್ಲಿ ಮೆಕಿಂಟಾಶ್ ಮುಗಿದಮೇಲೆಯೇ ಬೇಯಿಸುವ ಸೇಬುಗಳ ಕಾಲ. ಸ್ಟೇಮನ್ ವೈನ್‌ಸ್ಯಾಪ್, ಗ್ರಾನಿ ಸ್ಮಿತ್, ಬ್ರೇಬರ್ನ್ ಎಲ್ಲ ಅಕ್ಟೋಬರ್ ನಡುವಿನಿಂದ ಕೈಗೆ ಬರುತ್ತವೆ. ತೋಟದವರನ್ನು "ಪೈಗೆ ಯಾವುದು?" ಎಂದು ಕೇಳಿ, ಅವರು ತೋರಿಸುವ ಸಾಲಿಗೇ ಹೋಗಿ. ಆ ಪ್ರಾಂತ್ಯದ ಹಳಬರು ನಾರ್ದರ್ನ್ ಸ್ಪೈ ಎಂಬ ತಳಿಯನ್ನು ತುಂಬ ಮೆಚ್ಚುತ್ತಾರೆ. ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಹಾಗಾದರೆ ಮನೆಯಲ್ಲಿರುವ ಮೆಕಿಂಟಾಶ್ ಏನು ಮಾಡುವುದು? ಅದಕ್ಕೂ ಇಲ್ಲಿ ಕೆಲಸವಿದೆ. ನಾಲ್ಕು ಪಾಲಿನಲ್ಲಿ ಮೂರು ಪಾಲು ಗಟ್ಟಿ ಹಣ್ಣು, ಒಂದು ಪಾಲು ಮೆಕಿಂಟಾಶ್ ಹಾಕಿ. ಮೆಕಿಂಟಾಶ್ ಕರಗಿ ದಪ್ಪ ರಸವಾಗುತ್ತದೆ, ಗಟ್ಟಿ ಹೋಳು ಅದರಲ್ಲಿ ಇಡಿಯಾಗಿ ಉಳಿಯುತ್ತದೆ. ಒಂದೇ ತಳಿ ಹಾಕಿದಾಗ ಈ ರುಚಿ ಬರುವುದಿಲ್ಲ. ಮಿಕ್ಕಿದ ಮೆಕಿಂಟಾಶ್‌ಗೆ ಎರಡು ಚಮಚ ನೀರು ಹಾಕಿ ಮುಚ್ಚಿ ಬೇಯಿಸಿ ಕಿವುಚಿ, ಆಪಲ್ ಸಾಸ್ ಆಯಿತು. ಅದಕ್ಕೇ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟು ಚೂರು ಬೆಲ್ಲ ಸೇರಿಸಿದರೆ ಗೊಜ್ಜು. ನಿಮ್ಮ ಅತ್ತೆಗೆ ಕ್ರಿಸ್ಪ್‌ಗಿಂತ ಅದೇ ಹಿಡಿಸಿದರೂ ಆಶ್ಚರ್ಯವಿಲ್ಲ.

ಈಗ ಅಳತೆ. 9 ಇಂಚಿನ ಚೌಕ ಟ್ರೇಗೆ ಸಿಪ್ಪೆ ತೆಗೆದು ಹೆಚ್ಚಿದ ಹೋಳು 1 ಕಿಲೋ ಬೇಕು. ಇಡೀ ಹಣ್ಣಾದರೆ ಸುಮಾರು 1.25 ಕಿಲೋ. ಹೋಳು ಕಾಲು ಇಂಚು ದಪ್ಪವಿರಲಿ. ಅದಕ್ಕಿಂತ ತೆಳುವಾದರೆ ಗಟ್ಟಿ ತಳಿಯೂ ನಿಲ್ಲುವುದಿಲ್ಲ. ಹೋಳಿಗೆ 50 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು, ಒಂದು ಟೀಚಮಚ ಚಕ್ಕೆಪುಡಿ, ಒಂದು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್. ಊರಲ್ಲಿ ನಾವು ಕಾರ್ನ್‌ಫ್ಲೋರ್ ಅನ್ನುವ ಬಿಳಿ ಪುಡಿ ಇದೇ. ಅಮೆರಿಕದ ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಕೇಳಿದರೆ ಮೆಕ್ಕೆಜೋಳದ ಹಿಟ್ಟು ಕೊಟ್ಟಾರು, ಅದರಿಂದ ರಸ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೇಲಿನ ಪುಡಿಗೆ 100 ಗ್ರಾಂ ಮೈದಾ, ಒಂದು ಕಪ್ ರೋಲ್ಡ್ ಓಟ್ಸ್, 80 ಗ್ರಾಂ ಬ್ರೌನ್ ಶುಗರ್, ಕಾಲು ಟೀಚಮಚ ಉಪ್ಪು, ಒಂದು ಸ್ಟಿಕ್ ಅಂದರೆ 113 ಗ್ರಾಂ ತಣ್ಣನೆಯ ಬೆಣ್ಣೆ, ಮತ್ತೆ ಒಂದು ಹಿಡಿ ಅಕ್ರೋಟು ಅಥವಾ ಪೆಕಾನ್. ಇನ್‌ಸ್ಟಂಟ್ ಓಟ್ಸ್ ಬೇಡ, ಹಿಟ್ಟಾಗಿ ಹೋಗುತ್ತದೆ. ಸ್ಟೀಲ್ ಕಟ್ ಕೂಡ ಬೇಡ, ಬೇಯದೆ ಹಲ್ಲಿಗೆ ಸಿಗುತ್ತದೆ.

ಹೋಳಿಗೆ ಸಕ್ಕರೆ, ನಿಂಬೆರಸ, ಉಪ್ಪು ಕಲಸಿ ಅರ್ಧ ಗಂಟೆ ಬಿಡಿ. ಸಕ್ಕರೆ ರಸವನ್ನು ಹೊರಗೆಳೆಯುತ್ತದೆ. ಬಟ್ಟಲಿನ ತಳದಲ್ಲಿ ಕಾಲು ಕಪ್ಪೋ, ಹಣ್ಣು ರಸಭರಿತವಾಗಿದ್ದರೆ ಅದಕ್ಕೂ ಹೆಚ್ಚೋ ರಸ ನಿಂತಿರುತ್ತದೆ. ಆ ರಸ ಬಸಿದುಕೊಂಡು ಸಣ್ಣ ಪಾತ್ರೆಯಲ್ಲಿ ಕುದಿಸಿ. ಮೊದಲು ಅದು ನೀರಿನ ಹಾಗೆ ಚಟಪಟ ಕುದಿಯುತ್ತದೆ, ಸ್ವಲ್ಪ ಹೊತ್ತಿಗೆ ಗುಳ್ಳೆಗಳು ದೊಡ್ಡದಾಗಿ, ಹೊಳಪಾಗಿ, ನಿಧಾನವಾಗುತ್ತವೆ. ಎರಡು ಮೂರು ಚಮಚ ಉಳಿದಾಗ ಒಲೆ ಆರಿಸಿ ಆರಲು ಬಿಡಿ. ಹೋಳಿಗೆ ಕಾರ್ನ್‌ಸ್ಟಾರ್ಚ್, ಚಕ್ಕೆಪುಡಿ ಉದುರಿಸಿ, ಈ ಪಾಕ ಸುರಿದು ಕಲಸಿ. ಬಿಸಿಯಿರುವಾಗಲೇ ಸುರಿದರೆ ಸ್ಟಾರ್ಚ್ ಗಂಟು ಕಟ್ಟುತ್ತದೆ. ಇದೆಲ್ಲ ಹತ್ತು ನಿಮಿಷದ ಹೆಚ್ಚಿನ ಕೆಲಸ ಅಷ್ಟೆ. ಟ್ರೇಯಲ್ಲಿ ನಿಲ್ಲಬೇಕಿದ್ದ ನೀರು ಗಾಳಿಗೆ ಹೋಯಿತು, ರುಚಿ ಮಾತ್ರ ಪಾಕವಾಗಿ ಉಳಿಯಿತು.

ಮೇಲಿನ ಪುಡಿಗೆ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಮೈದಾದಲ್ಲಿ ಬೆರಳ ತುದಿಯಿಂದ ತಿಕ್ಕಿ. ಹದ ನಿಮಗೆ ಗೊತ್ತಿರುವುದೇ: ನಿಪ್ಪಟ್ಟಿನ ಹಿಟ್ಟಿಗೆ ಬೆಣ್ಣೆ ತಿಕ್ಕುವಾಗ ನೋಡುತ್ತೇವಲ್ಲ, ಮುಷ್ಟಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಅದಾದಮೇಲೆ ಓಟ್ಸ್, ಸಕ್ಕರೆ, ಬೀಜ ಸೇರಿಸಿ. ಪೂರ್ತಿ ಪುಡಿ ಮಾಡಬೇಡಿ, ಬಟಾಣಿ ಗಾತ್ರದ ಗಂಟುಗಳಿರಲಿ. ತಿನ್ನುವಾಗ ಕರುಕುರು ಅನ್ನುವುದು ಅವೇ. ಹೋಳಿನ ಮೇಲೆ ಹರವಿ, ಕೈಯಿಂದ ಒತ್ತಬೇಡಿ. ಸಡಿಲವಾಗಿದ್ದರೆ ಕೆಳಗಿನ ಹಬೆ ಸಂದಿಯಲ್ಲಿ ಹಾದು ಹೋಗುತ್ತದೆ. ಒತ್ತಿಬಿಟ್ಟರೆ ಹಬೆ ಒಳಗೇ ಸಿಕ್ಕಿ ತಳಭಾಗದ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ.

ತುಪ್ಪ ಹಾಕಬಹುದೇ ಎಂದಿರಿ. ಖಂಡಿತ ಹಾಕಬಹುದು, ಆದರೆ ಅಳತೆ ಬೇರೆ. ಅಮೆರಿಕದ ಕಾನೂನಿನಂತೆ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗವಾದರೂ ಕೊಬ್ಬು ಇರಬೇಕು, ಮಿಕ್ಕದ್ದು ಹೆಚ್ಚಾಗಿ ನೀರು. ತುಪ್ಪದಲ್ಲಿ ನೀರೇ ಇಲ್ಲ. ಅದಕ್ಕಾಗಿ 113 ಗ್ರಾಂ ಬೆಣ್ಣೆಗೆ 90 ಗ್ರಾಂ ತುಪ್ಪ ಸಾಕು. ಅಷ್ಟಕ್ಕಷ್ಟು ಹಾಕಿದರೆ ಜಿಡ್ಡು ಒಸರುತ್ತದೆ. ಮರಳುಮರಳಾಗಿ ಹೆಪ್ಪುಗಟ್ಟಿದ ತುಪ್ಪವೇ ಬೇಕು, ಕರಗಿದ್ದಲ್ಲ. ಬೇಕಿದ್ದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತುಪ್ಪದ ಕ್ರಿಸ್ಪ್ ಬಾಯಲ್ಲಿ ಪುಡಿಪುಡಿಯಾಗಿ ಕರಗುತ್ತದೆ, ಬೆಣ್ಣೆಯದು ಗರಿಗರಿ. ನನಗೆ ಇಷ್ಟವಾದದ್ದು ಮುಕ್ಕಾಲು ಬೆಣ್ಣೆ, ಕಾಲು ತುಪ್ಪ. ತುಪ್ಪ ಹಾಕಿದಾಗ ಚಕ್ಕೆ ಕಡಿಮೆ ಮಾಡಿ ಏಲಕ್ಕಿ ಪುಡಿ ಹಾಕಿ ನೋಡಿ, ಸೇಬಿಗೆ ಬಹಳ ಒಪ್ಪುತ್ತದೆ.

ಓವನ್ 375 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 190 ಸೆಲ್ಸಿಯಸ್. ನಡುವಿನ ರ‍್ಯಾಕ್‌ಗಿಂತ ಒಂದು ಮೆಟ್ಟಿಲು ಕೆಳಗಿಡಿ. ರಸ ಉಕ್ಕಿ ಸುರಿಯಬಹುದು, ಅಡಿಯಲ್ಲೊಂದು ತಟ್ಟೆ ಇರಲಿ. ಸಮಯ 45ರಿಂದ 55 ನಿಮಿಷ. ಗಡಿಯಾರಕ್ಕಿಂತ ಟ್ರೇಯನ್ನು ನೋಡುವುದು ಮುಖ್ಯ. ನಿಮಗೆ ನೀರು ನಿಂತದ್ದಕ್ಕೆ ಮೆಕಿಂಟಾಶ್ ಅರ್ಧ ಕಾರಣವಾದರೆ, ಬೇಗ ತೆಗೆದದ್ದು ಮಿಕ್ಕ ಅರ್ಧ ಎಂದು ನನ್ನ ಅಂದಾಜು. ಮೇಲ್ಭಾಗ ಅರ್ಧ ಗಂಟೆಗೆಲ್ಲ ಕೆಂಪಾಗಿ, ಆಯಿತು ಅನ್ನಿಸುತ್ತದೆ. ಆದರೆ ಸ್ಟಾರ್ಚ್ ಪೂರ್ತಿ ಗಟ್ಟಿಯಾಗಲು ರಸ ಕುದಿಯುವ ಹತ್ತಿರ ಬರಲೇಬೇಕು. ಮೊದಲು ಟ್ರೇಯ ಅಂಚಿನಲ್ಲಿ ಗುಳ್ಳೆ ಬರುತ್ತದೆ: ತಿಳಿಯಾಗಿ, ಸಣ್ಣದಾಗಿ, ಬೇಗಬೇಗ ಒಡೆಯುವ ಗುಳ್ಳೆ. ಅದು ಹಸಿ ರಸದ ಗುಳ್ಳೆ. ಇನ್ನೂ ಕಾಯಿರಿ. ಟ್ರೇಯ ನಟ್ಟನಡುವೆ, ಓಟ್ಸ್ ಸಂದಿಯಿಂದ, ಕಂದುಬಣ್ಣದ ದಪ್ಪ ಗುಳ್ಳೆ ಎದ್ದು ಒಂದು ಕ್ಷಣ ನಿಂತು ಒಡೆಯಬೇಕು. ಅದು ಕಂಡಮೇಲೆ ಇನ್ನೊಂದು ಐದು ನಿಮಿಷ ಬಿಟ್ಟು ತೆಗೆಯಿರಿ. ಅಷ್ಟರಲ್ಲಿ ಮೇಲ್ಭಾಗ ತೀರಾ ಕಪ್ಪಾಗುತ್ತಿದ್ದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಮೇಲಿಡಿ. ಚಾಕು ಚುಚ್ಚಿದರೆ ಹೋಳಿಗೆ ಸಲೀಸಾಗಿ ಇಳಿಯಬೇಕು, ಹೋಳು ಮುರಿಯಬಾರದು.

ತೆಗೆದಮೇಲೆ ಮುಚ್ಚಬೇಡಿ. ಬಿಸಿ ಅಡುಗೆಗೆ ತಟ್ಟೆ ಮುಚ್ಚುವುದು ನಮಗೆಲ್ಲ ಕೈಗೆ ಹತ್ತಿದ ಅಭ್ಯಾಸ, ಇಲ್ಲಿ ಮಾತ್ರ ಅದು ಎಲ್ಲ ಕೆಡಿಸುತ್ತದೆ. ಹಬೆ ತಟ್ಟೆಗೆ ತಾಗಿ ಹನಿಯಾಗಿ ಓಟ್ಸ್ ಮೇಲೆ ಬೀಳುತ್ತದೆ. ನಿಮ್ಮದು ಮೆತ್ತಗಾದದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ತೆರೆದೇ ಇಟ್ಟು ಅರ್ಧ ಗಂಟೆ ತಾಳಿ. ಆರುತ್ತಾ ಬಂದಂತೆ ರಸ ಇನ್ನೂ ಗಟ್ಟಿಯಾಗುತ್ತದೆ, ಮೇಲ್ಭಾಗ ಬಿಗಿಯುತ್ತದೆ.

ಲಂಡನ್ನಿನಲ್ಲಿರುವ ಓದುಗರೂ ಇದನ್ನೇ ಕೇಳುತ್ತಿರುತ್ತಾರೆ, ಅವರಿಗೂ ಒಂದೆರಡು ಮಾತು. ಕ್ರಿಸ್ಪ್‌ನಂಥದೇ ತಿನಿಸಾದ ಇಂಗ್ಲೆಂಡಿನ ಕ್ರಂಬಲ್‌ನಲ್ಲಿ ಓಟ್ಸ್ ಕಡ್ಡಾಯವಲ್ಲ. ತೂಕದಲ್ಲಿ ಎರಡು ಪಾಲು ಮೈದಾ, ಒಂದು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ಇಟ್ಟುಕೊಂಡರೆ ಸಾಕು. 1940ರ ಜನವರಿಯಲ್ಲಿ ಬೆಣ್ಣೆ ಸಕ್ಕರೆಗೆ ಪಡಿತರ ಬಂದಮೇಲೆ, ಪೈಗಿಂತ ಕಡಿಮೆ ಕೊಬ್ಬಿನಲ್ಲಿ ಮುಗಿಯುವ ಕ್ರಂಬಲ್ ಅಲ್ಲಿ ಮನೆಮನೆಗೆ ಹಬ್ಬಿತು. ಅವರ ಬೇಯಿಸುವ ಸೇಬು ಬ್ರಾಮ್ಲಿ. ನಾನು ಮೇಲೆ ಹೇಳಿದ್ದಕ್ಕೆಲ್ಲ ಅದು ವಿರುದ್ಧ: ಬೇಗ ಕರಗುತ್ತದೆ, ಆದರೆ ಅದರ ಹುಳಿ ಎಷ್ಟು ಗಟ್ಟಿಯೆಂದರೆ ಆ ನುಣ್ಣನೆಯ ತಿರುಳಿಗೇ ಜನ ಮರುಳಾಗಿದ್ದಾರೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್‌ನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಆ ಮರ ಬಂದದ್ದು. ಹೆಸರು ಮಾತ್ರ ಆಮೇಲೆ ಆ ಮನೆ ಕೊಂಡ ಮ್ಯಾಥ್ಯೂ ಬ್ರಾಮ್ಲಿ ಎಂಬ ಕಸಾಯಿಯದು. ಮರ ಬೆಳೆಸಿದವಳ ಹೆಸರೇ ಇರಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಹಾಗೇ ಆಯಿತು: 1868ರ ಸುಮಾರಿಗೆ ಸಿಡ್ನಿ ಬಳಿಯ ಈಸ್ಟ್‌ವುಡ್‌ನಲ್ಲಿ ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿ ತನ್ನ ಹಿತ್ತಲಿನ ಸಸಿಯನ್ನು ಜೋಪಾನ ಮಾಡಿದಳು, ಇವತ್ತು ಜಗತ್ತೇ ಅದನ್ನು ಗ್ರಾನಿ ಸ್ಮಿತ್ ಎನ್ನುತ್ತದೆ.

ಬೆಂಗಳೂರು ಮೈಸೂರಿನಲ್ಲಿ ಮಾಡುವವರಿಗೆ ಸಿಗುವುದು ಹೆಚ್ಚಾಗಿ ಹಿಮಾಚಲ, ಕಾಶ್ಮೀರದ ಡೆಲಿಶಿಯಸ್ ಜಾತಿಯ ಹಣ್ಣು. ಸ್ಯಾಮ್ಯುಯಲ್ ಸ್ಟೋಕ್ಸ್ ಎಂಬ ಅಮೆರಿಕದವರು ನೂರು ವರ್ಷದ ಹಿಂದೆ ತಮ್ಮ ದೇಶದಿಂದ ಸಸಿ ತರಿಸಿ ಕೋಟ್‌ಗಢದಲ್ಲಿ ನೆಟ್ಟದ್ದೇ ಹಿಮಾಚಲದ ಹಣ್ಣಿನ ಮೂಲ. ಸಿಹಿ ಹೆಚ್ಚು, ಹುಳಿ ಕಡಿಮೆ, ಬೇಯಿಸಿದರೆ ಸಪ್ಪೆ. ನಿಂಬೆರಸ ಎರಡು ಪಟ್ಟು ಹಾಕಿ, ಸಕ್ಕರೆ ಅರ್ಧ ಮಾಡಿ; ಆಮದಾದ ಹಸಿರು ಸೇಬು ಎರಡು ಸೇರಿಸಿದರೆ ಇನ್ನೂ ಚೆನ್ನ. ಓಟಿಜಿ ಎಂಬ ಪುಟ್ಟ ಓವನ್‌ನಲ್ಲಿ ಮೇಲಿನ ಬಿಸಿ ಕಾಯಿಲ್ ಹತ್ತಿರವಿರುವುದರಿಂದ ಮೊದಲ ಅರ್ಧ ಹೊತ್ತು ಫಾಯಿಲ್ ಮುಚ್ಚಿಡಿ.

ಇನ್ನು ನಿಮ್ಮ ದೀಪಾವಳಿ. 9×13 ಇಂಚಿನ ಟ್ರೇಗೆ ಮೇಲಿನ ಅಳತೆಯನ್ನೆಲ್ಲ ಒಂದೂವರೆ ಪಟ್ಟು ಮಾಡಿ. ಹಬ್ಬದೂಟ ಆದಮೇಲೆ ಯಾರೂ ಬಟ್ಟಲು ತುಂಬ ತಿನ್ನುವುದಿಲ್ಲ, ಹದಿನೈದು ಜನಕ್ಕೆ ಸಾಲುತ್ತದೆ. ಜೋಡಿಸಿದ ಟ್ರೇಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟರೆ ರಾತ್ರಿಯಿಡೀ ರಸ ಒಸರಿ ಪುಡಿ ನೆನೆಯುತ್ತದೆ, ಹಾಗೆ ಮಾಡಬೇಡಿ. ಬೇರೆ ಬೇರೆ ಮಾಡಿಡಿ. ಮೇಲಿನ ಪುಡಿಯನ್ನು ಒಂದು ವಾರ ಮೊದಲೇ ಮಾಡಿ ಜಿಪ್ ಚೀಲದಲ್ಲಿ ಫ್ರೀಜರ್‌ಗೆ ಹಾಕಬಹುದು, ಕರಗಿಸದೆ ಹಾಗೇ ಉದುರಿಸಿದರಾಯಿತು.

ಸೇಬಿನ ಹೋಳುಗಳಿಗೆ ಹಿಂದಿನ ದಿನ ಮಾಡಬಹುದಾದ ಒಂದು ಉಪಾಯವಿದೆ, ನಿಮ್ಮ ಗಾಲಾಗೂ ಅದರಿಂದ ಬಲ ಬರುತ್ತದೆ. ಅಗಲ ಬಾಣಲೆಯಲ್ಲಿ ಹೋಳು, ಸಕ್ಕರೆ, ನಿಂಬೆರಸ ಹಾಕಿ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಇಡಿ, ನಡುನಡುವೆ ಮಗುಚಿ. ಕುದಿಯಬಾರದು. 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸೇಬಿನೊಳಗಿನ ಒಂದು ಕಿಣ್ವ ಚುರುಕಾಗಿ ಪೆಕ್ಟಿನ್‌ನ ರೂಪ ಬದಲಿಸುತ್ತದೆ, ಅದು ಹಣ್ಣಿನಲ್ಲೇ ಇರುವ ಕ್ಯಾಲ್ಸಿಯಂ ಜೊತೆ ಕೂಡಿ ಬಿಗಿಯಾಗುತ್ತದೆ. ಹಾಗೆ ಬಿಗಿದ ಹೋಳು ಆಮೇಲೆ ಓವನ್‌ನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಒಂದು ಹೋಳನ್ನು ಬೆರಳಲ್ಲಿ ಬಾಗಿಸಿದರೆ ಬಾಗಬೇಕು, ತುಂಡಾಗಬಾರದು; ಅಲ್ಲಿಗೆ ನಿಲ್ಲಿಸಿ. ರಸ ಬಸಿದು ಪಾಕ ಮಾಡಿ, ಎರಡನ್ನೂ ಬೇರೆಯಾಗಿ ಫ್ರಿಜ್‌ನಲ್ಲಿಡಿ. ಹಬ್ಬದ ದಿನ ಚಕ್ಕೆ, ಸ್ಟಾರ್ಚ್ ಬೆರೆಸಿ ಪುಡಿ ಹಾಕಿ, ಊಟಕ್ಕೆ ಒಂದೂಕಾಲು ಗಂಟೆ ಮೊದಲು ಓವನ್‌ಗೆ ತಳ್ಳಿ. ಅರೆಬೆಂದ ಹೋಳಾದ್ದರಿಂದ ಮುಕ್ಕಾಲು ಗಂಟೆಯೊಳಗೆ ನಡುವಿನ ಗುಳ್ಳೆ ಬಂದುಬಿಡುತ್ತದೆ. ಉಳಿದದ್ದನ್ನು ಮರುದಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, 350 ಡಿಗ್ರಿ ಫ್ಯಾರನ್‌ಹೀಟ್‌ನ ಓವನ್‌ನಲ್ಲಿ ಕಾಲು ಗಂಟೆ ಇಟ್ಟರೆ ಮತ್ತೆ ಗರಿಗರಿ.

ಸಿಹಿ ಇನ್ನೂ ಕಡಿಮೆ ಬೇಕಿದ್ದರೆ ಹೋಳಿನ ಸಕ್ಕರೆ ಇಳಿಸಿ, ಪುಡಿಯದನ್ನು ಮುಟ್ಟಬೇಡಿ. ಮೇಲಿನ ಗರಿಗರಿಗೆ, ಬಣ್ಣಕ್ಕೆ ಸಕ್ಕರೆ ಬೇಕೇ ಬೇಕು. ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿಯೂ ನಡೆಯುತ್ತದೆ, ಬೇಗ ಕಪ್ಪಾಗುತ್ತದೆ ಅಷ್ಟೆ, ಕಣ್ಣಿಟ್ಟಿರಿ.

ಕ್ರಿಸ್ಪ್‌ನಲ್ಲಿ ಮೊಟ್ಟೆ ಎಲ್ಲಿಯೂ ಇಲ್ಲ. ಜೊತೆಗೆ ಕೊಡುವ ಐಸ್‌ಕ್ರೀಮ್‌ನಲ್ಲಿ ಇರಬಹುದು, ಅಲ್ಲಿ ಎಚ್ಚರ. ಅಮೆರಿಕದಲ್ಲಿ ಫ್ರೆಂಚ್ ವನಿಲಾ ಅಥವಾ ಫ್ರೋಜನ್ ಕಸ್ಟರ್ಡ್ ಎಂದಿದ್ದರೆ ಮೊಟ್ಟೆಯ ಹಳದಿ ಇದೆಯೆಂದೇ ತಿಳಿಯಿರಿ. ಬರೀ ವನಿಲಾ ಎಂದಿರುವ ಕೆಲವು ಬ್ರ್ಯಾಂಡ್‌ಗಳಲ್ಲೂ ಇರುತ್ತದೆ, ಡಬ್ಬಿಯ ಹಿಂದಿನ ಪಟ್ಟಿ ಓದಿಯೇ ಕೊಳ್ಳಿ. ಅತ್ತೆ ಮಾವನಿಗೆ ಐಸ್‌ಕ್ರೀಮ್ ಸಿಹಿಯಾಯಿತು ಅನ್ನಿಸಿದರೆ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಏನೂ ಬೆರೆಸದೆ ಒಂದು ಚಮಚ ಪಕ್ಕದಲ್ಲಿಟ್ಟು ಕೊಡಿ.